ಆಸ್ಪತ್ರೆಯಿಂದ ಸೀದಾ ಊರಿಗೆ ಬೇಡ: ಹಾಫ್‌ವೇ ಹೋಂಗೆ ಕಳಿಸುವ ಮನೆಯವರಿಗೆ

ಕುಡಿತ ಬಿಟ್ಟ ಗಂಡಸರು ಊರಿಗೆ ವಾಪಸ್ ಹೋಗುವ ಮೊದಲು ಕೆಲವು ತಿಂಗಳು ಒಟ್ಟಿಗೆ ಇರುವ ಒಂದು ಮನೆಗೆ, ಅಂದರೆ ಹಾಫ್‌ವೇ ಹೋಂಗೆ, ನಾನು ವಾರ್ಡನ್. ಬೆಂಗಳೂರಿನ ಹೊರಗೆ, ಮಾಗಡಿ ರಸ್ತೆ ಕಡೆ. ಕುಡಿತದವರೇ ಜಾಸ್ತಿ. ಈಚೆಗೆ ಗಾಂಜಾ, ನೋವಿನ ಮಾತ್ರೆ, ಇಂಜೆಕ್ಷನ್ ಅಂತ ಚಿಕ್ಕ ಹುಡುಗರೂ ಬರುತ್ತಿದ್ದಾರೆ. ಫೋನ್ ಮಾಡುವವರು ಮಾತ್ರ ಹೆಚ್ಚಾಗಿ ಹೆಂಗಸರು. ಅಮ್ಮ, ಅಕ್ಕ, ಇಲ್ಲವೇ ಹೆಂಡತಿ. ಕೇಳುವುದೂ ಒಂದೇ: "ಎಷ್ಟು ತಿಂಗಳು ಇಟ್ಕೋತೀರಾ ಸಾರ್? ಹೊರಗೆ ಬಿಡಲ್ಲ ತಾನೇ?"

ಬಿಡುತ್ತೇವೆ ತಾಯಿ, ಅದಕ್ಕೇ ಈ ಮನೆ ಇರುವುದು ಅನ್ನುತ್ತೇನೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ.

ಒಳಗೆ ಕೂಡಿಹಾಕಿದರೆ ಯಾರು ಬೇಕಾದರೂ ಕುಡಿಯದೆ ಇರುತ್ತಾರೆ. ಜೇಬಿನಲ್ಲಿ ದುಡ್ಡು, ಶನಿವಾರ ಸಂಜೆ, ದಾರಿಯಲ್ಲಿ ಬಾರ್. ಈ ಮೂರೂ ಸೇರಿದಾಗ ಏನು ಮಾಡಬೇಕು ಅನ್ನುವುದನ್ನು ಅಭ್ಯಾಸ ಮಾಡಿಸುವ ಜಾಗ ನಮ್ಮದು. ಹಾಗಾಗಿ ಮನೆ ಹುಡುಕುವಾಗ ಅವರು ನಿಮ್ಮವನನ್ನು ಹೇಗೆ ಒಳಗಿಟ್ಟುಕೊಳ್ಳುತ್ತಾರೆ ಅಂತ ಕೇಳಬೇಡಿ. ಹೇಗೆ ಹೊರಗೆ ಕಳಿಸುತ್ತಾರೆ ಅಂತ ಕೇಳಿ.

ಮೊದಲು ಡಾಕ್ಟರು

ಕುಡಿಯುತ್ತಿರುವವನನ್ನು ನೇರವಾಗಿ ಇಂಥ ಮನೆಗೆ ಕರೆತರಬೇಡಿ. "ನಾಳೆಯಿಂದ ಬಿಡ್ತೀನಿ ಅಂದಿದ್ದಾನೆ, ಇವತ್ತೇ ಕರ್ಕೊಂಡ್ ಬರ್ತೀವಿ" ಅನ್ನುವವರು ಬಹಳ. ದಿನಾ ಕುಡಿಯುವವನು ದಿಢೀರನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗಲು ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ 2 ದಿನದೊಳಗೆ ಬರುತ್ತದೆ. ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ, ಮಕ್ಕಳ ಗುರುತೂ ಸಿಗುವುದಿಲ್ಲ. ದೆವ್ವ ಮೆಟ್ಟಿದೆ ಅಂತ ತಾಯತ ಕಟ್ಟಿಸಲು ಹೋಗುವುದು ಇದೇ ಹೊತ್ತಿಗೆ. ಅದು ಜೀವ ತೆಗೆಯುವ ಸ್ಥಿತಿ, ತಕ್ಷಣ ಆಸ್ಪತ್ರೆ ಬೇಕು.

ಡಿಟಾಕ್ಸ್, ಅಂದರೆ ಕುಡಿತ ನಿಲ್ಲಿಸುವ ಮೊದಲ ದಿನಗಳ ಚಿಕಿತ್ಸೆ, ಆಸ್ಪತ್ರೆಯಲ್ಲೇ ಆಗಲಿ. ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ವ್ಯಸನ ಚಿಕಿತ್ಸಾ ಕೇಂದ್ರ ಇದೆ. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರನ್ನು ಕೇಳಿ. ಬರುವಾಗ ಡಿಸ್ಚಾರ್ಜ್ ಚೀಟಿ ತನ್ನಿ. ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಮುಂದಿನ ಸಲ ಯಾವಾಗ ತೋರಿಸಬೇಕು, ಇವಿಷ್ಟೂ ಅದರಲ್ಲಿ ಇರಬೇಕು. ಬಿ1 ವಿಟಮಿನ್ ಬರೆದುಕೊಟ್ಟಿದ್ದರೆ ಬರೀ ಟಾನಿಕ್ ತಾನೇ ಅಂತ ಬಿಡಬೇಡಿ. ಕುಡಿಯುವವರ ಮೈಯಲ್ಲಿ ಎಷ್ಟೋ ಸಲ ಅದು ಖಾಲಿಯಾಗಿರುತ್ತದೆ, ತಗೊಳ್ಳದಿದ್ದರೆ ಮರೆವು ಶಾಶ್ವತವಾಗಿ ಉಳಿದುಬಿಡಬಹುದು.

ಮನೆ ನೋಡಲು ಹೋದಾಗ

ಭಾನುವಾರ ಬೆಳಿಗ್ಗೆ ಹೋಗಬೇಡಿ, ಅವತ್ತು ಎಲ್ಲ ಮನೆಯೂ ಚೆನ್ನಾಗಿರುತ್ತದೆ. ವಾರದ ಮಧ್ಯೆ ಸಂಜೆ ಹೋಗಿ. ಕೆಲಸಕ್ಕೆ ಹೋದವರು ವಾಪಸ್ ಬರುತ್ತಿರುತ್ತಾರೆ. ಯಾರೂ ಹೊರಗಿಂದ ಬರುತ್ತಿಲ್ಲ ಅಂದರೆ ಯಾರೂ ಹೊರಗೆ ಹೋಗಿಲ್ಲ ಅಂತ ಅರ್ಥ. ಆಗ ಅದು ಹೆಸರಿಗೆ ಹಾಫ್‌ವೇ ಹೋಂ, ಅಷ್ಟೆ.

ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಅನ್ನಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುವಿನಿಂದ ಬರುವ ತೊಂದರೆಯೂ ಸೇರಿದೆ. ಆ ಕಾಯ್ದೆ ಪ್ರಕಾರ ಸರಪಳಿ ಹಾಕುವಂತಿಲ್ಲ, ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಬಲವಂತದ ದುಡಿಮೆ ಮಾಡಿಸುವಂತಿಲ್ಲ. ಫೋನಿನಲ್ಲಿ ಮಾತಾಡುವ, ಬಂದವರನ್ನು ನೋಡುವ ಹಕ್ಕೂ ಇದೆ. ಸರದಿಯಲ್ಲಿ ಪಾತ್ರೆ ತೊಳೆಯುವುದು, ತನ್ನ ಕೋಣೆ ಗುಡಿಸುವುದು ಬೇರೆ, ಮಾಲೀಕರ ಹೊಸ ಮನೆಗೆ ಇಟ್ಟಿಗೆ ಹೊರಿಸುವುದು ಬೇರೆ. ಎರಡನೆಯದನ್ನೂ "ಥೆರಪಿ" ಅಂತ ಕರೆಯುವವರಿದ್ದಾರೆ.

ಗಾಡಿ ಕಳಿಸುತ್ತೇವೆ, ರಾತ್ರಿ ಮಲಗಿದ್ದಾಗ ನಾಲ್ಕು ಜನ ಬಂದು ಎತ್ತಿಕೊಂಡು ಹೋಗುತ್ತಾರೆ, ನೀವು ಸುಮ್ನೆ ಬಾಗಿಲು ತೆಗೆದರೆ ಸಾಕು ಅಂತ ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಹಾಗೆ ಎತ್ತಿಸಿಕೊಂಡು ಹೋದವನು ಆಮೇಲೆ ಎಷ್ಟೋ ವರ್ಷ ಕುಡಿತದ ಬಗ್ಗೆ ಯೋಚನೆಯನ್ನೇ ಮಾಡುವುದಿಲ್ಲ. ಬಾಗಿಲು ತೆಗೆದವರು ಯಾರು ಅನ್ನುವುದೊಂದೇ ಅವನ ತಲೆಯಲ್ಲಿ ಕೂತಿರುತ್ತದೆ. ಹಾಫ್‌ವೇ ಹೋಂಗೆ ಬರುವವನು ತಾನೇ ಬಂದು, ನಿಯಮ ಓದಿಸಿಕೊಂಡು, ಸಹಿ ಹಾಕಬೇಕು. ಹೊರಟುಹೋಗುತ್ತೇನೆ ಅಂದರೆ ಹೋಗಲೂಬಹುದು. ಅವನಿಗೇ ಬುದ್ಧಿ ಸ್ಥಿಮಿತದಲ್ಲಿಲ್ಲ ಅನ್ನುವಷ್ಟು ಪರಿಸ್ಥಿತಿ ಇದ್ದರೆ ಅದಕ್ಕೆ ಕಾಯ್ದೆಯಲ್ಲೇ ಬೇರೆ ದಾರಿ ಇದೆ. ಅದು ಆಸ್ಪತ್ರೆ ಮತ್ತು ಡಾಕ್ಟರ ಮೂಲಕ ಆಗಬೇಕಾದ ಕೆಲಸ.

ಅಡಿಗೆಮನೆ ನೋಡಿ. ಇಬ್ಬರು ಮೂವರು ನಿವಾಸಿಗಳ ಜೊತೆ ವಾರ್ಡನ್ ಇಲ್ಲದಾಗ ಮಾತಾಡಿ. ಬಿಡದಿದ್ದರೆ ಅದೇ ಉತ್ತರ. ತಿಂಗಳ ಫೀಸು, ಔಷಧಿ ಖರ್ಚು ಯಾರದ್ದು, ಮಧ್ಯದಲ್ಲೇ ಬಿಟ್ಟರೆ ಅಡ್ವಾನ್ಸ್ ಎಷ್ಟು ವಾಪಸ್, ಇದೆಲ್ಲ ಬರವಣಿಗೆಯಲ್ಲಿ ಇರಲಿ. ಎಷ್ಟು ದಿನ ಇರಬೇಕು ಅಂದರೆ, ನನ್ನ ಪ್ರಕಾರ ಮೂರು ತಿಂಗಳಿಗಿಂತ ಕಡಿಮೆ ಇದ್ದರೆ ದುಡ್ಡು ದಂಡ. ಆರು ತಿಂಗಳಾದರೆ ಒಳ್ಳೇದು.

ಪೆಟ್ಟಿಗೆಯಲ್ಲಿ ಏನಿರಬೇಕು

ನಾಲ್ಕು ಜೊತೆ ಬಟ್ಟೆ, ಕೆಲಸಕ್ಕೆ ಹಾಕುವ ಚಪ್ಪಲಿ ಅಥವಾ ಶೂ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಡಿಎಲ್ ಇದ್ದರೆ ಅದು. ಒಂದು ತಿಂಗಳ ಮಾತ್ರೆ. ಕೆಮ್ಮಿನ ಸಿರಪ್, ಸೆಂಟು, ಆಫ್ಟರ್ ಶೇವ್, ಸ್ಯಾನಿಟೈಸರ್ ಬೇಡ. ಹಾರ್ಲಿಕ್ಸ್ ಡಬ್ಬ, ಚಕ್ಕುಲಿ, ಬೆಲ್ಲ ಧಾರಾಳವಾಗಿ ತನ್ನಿ. ಕುಡಿತ ಬಿಟ್ಟ ಹೊಸದರಲ್ಲಿ ಸಿಹಿ ಬೇಕು ಬೇಕು ಅನಿಸುತ್ತದೆ.

ಬೀಡಿ ಸಿಗರೇಟಿನ ಬಗ್ಗೆ ಒಂದೊಂದು ಮನೆಯಲ್ಲಿ ಒಂದೊಂದು ನಿಯಮ. ಮೊದಲೇ ಕೇಳಿಕೊಳ್ಳಿ, ಜಗಳ ಅದಕ್ಕೇ ಜಾಸ್ತಿ.

ದುಡ್ಡಿನ ವಿಷಯ

ನಮ್ಮಲ್ಲಿ ಬಂದ ಹೊಸದರಲ್ಲಿ ಕೈಗೆ ದುಡ್ಡಿಲ್ಲ. ಆಮೇಲೆ ತರಕಾರಿ ತರುವ ಸರದಿ ಬರುತ್ತದೆ, ಅದೂ ಇನ್ನೊಬ್ಬ ಹಳಬನ ಜೊತೆ. ಒಬ್ಬನೇ ಹೋಗುವುದು ಅದಕ್ಕಿಂತ ಆಮೇಲೆ. 500ರ ನೋಟು, ಒಂದು ಚೀಟಿ: ಟೊಮೇಟೊ, ಹುರುಳಿಕಾಯಿ, ತೊಗರಿಬೇಳೆ, ಕೊತ್ತಂಬರಿ, ಅರ್ಧ ಲೀಟರ್ ಮೊಸರು. ನಮ್ಮ ಸರ್ಕಲ್‌ನಲ್ಲಿ ತರಕಾರಿ ಅಂಗಡಿ ಪಕ್ಕ ಕೋಳಿ ಅಂಗಡಿ, ಅದರ ಪಕ್ಕ ವೈನ್ ಶಾಪ್. ಕೌಂಟರಿನಲ್ಲಿ ಕೈ ಚಾಚಿದರೆ ಒಂದು ನೈಂಟಿ ಬರುತ್ತದೆ, ನಿಂತಲ್ಲೇ ಕುಡಿದು ನಡೆಯಬಹುದು. ವಾಪಸ್ ಬಂದವನು ಅಡಿಗೆಕಟ್ಟೆಯ ಮೇಲೆ ಚೀಲ ಸುರಿದು, ಚೀಟಿ ಹಿಡಿದು, ಒಂದೊಂದಕ್ಕೂ ರೇಟು ಓದುತ್ತಾನೆ. ಚಿಲ್ಲರೆ ಎಣಿಸಿ ಇಡುತ್ತಾನೆ. ಕಾಲೇಜು ಓದಿದವನು, ಲಾರಿ ಓಡಿಸಿದವನು, ಮನೆಯಲ್ಲಿ ಹತ್ತು ಎಕರೆ ಇರುವವನು, ಎಲ್ಲರಿಗೂ ಇದೇ ಲೆಕ್ಕ. ಹತ್ತು ರೂಪಾಯಿ ಕಡಿಮೆ ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಕೊತ್ತಂಬರಿ ರೇಟು ಹಾಗೆಯೇ. ಹೊತ್ತು ನೋಡುತ್ತೇನೆ. ಇಪ್ಪತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಆದರೆ ಕೂರಿಸಿಕೊಂಡು ಕೇಳುತ್ತೇನೆ. ಎಷ್ಟೋ ಸಲ ಕುಡಿದಿರುವುದಿಲ್ಲ. ವೈನ್ ಶಾಪ್ ತಪ್ಪಿಸಲು ಹಿಂದಿನ ರಸ್ತೆಯಿಂದ ಸುತ್ತಿ ಬಂದಿರುತ್ತಾನೆ. ಅದನ್ನು ಅವನು ರಾತ್ರಿ ಮೀಟಿಂಗ್‌ನಲ್ಲಿ ಎಲ್ಲರ ಎದುರು ಹೇಳಬೇಕು ಅನ್ನುವುದು ನನ್ನ ಆಸೆ. ಮುಂದಿನ ವಾರ ಹೋಗುವವನಿಗೆ ಆ ರಸ್ತೆ ಗೊತ್ತಾಗುತ್ತದಲ್ಲ.

ಮನೆಯವರು ಮಾಡಬೇಕಾದ್ದು: ಕೈಗೆ ನೂರು ಇನ್ನೂರು ತುರುಕಬೇಡಿ. ಫೋನಿಗೂ ಹಾಕಬೇಡಿ. ವೈನ್ ಶಾಪಿನಲ್ಲೂ ಈಗ ಸ್ಕ್ಯಾನರ್ ಇದೆ. ಅವನಿಗೆ ಏನು ಬೇಕೋ ಹಾಫ್‌ವೇ ಹೋಂನ ಲೆಕ್ಕಕ್ಕೆ ಕಟ್ಟಿ ರಸೀದಿ ತಗೊಳ್ಳಿ. ಸಂಘದ ಸಾಲ, ಫೈನಾನ್ಸ್ ಕಂತು, ಅಡವಿಟ್ಟ ಓಲೆ, ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ, ಆದರೆ ಮೊದಲ ಭೇಟಿಯಲ್ಲೇ ಅವನ ಮುಂದೆ ಬಿಚ್ಚಬೇಡಿ. ಒಂದೆರಡು ತಿಂಗಳಾದ ಮೇಲೆ, ಕೌನ್ಸೆಲರ್ ಎದುರು. ಆಸ್ತಿ ಪತ್ರಕ್ಕೆ ಸಹಿ ಹಾಕಿಸಲು ಇಲ್ಲಿಗೆ ಬರುವ ಅಣ್ಣತಮ್ಮಂದಿರೂ ಇದ್ದಾರೆ. ಅವರನ್ನು ಗೇಟಿನಲ್ಲೇ ವಾಪಸ್ ಕಳಿಸುತ್ತೇನೆ.

ಕೆಲಸಕ್ಕೆ ಹೋಗಲು ಶುರು ಮಾಡಿದಾಗ ಬಟವಾಡೆ ಎಲ್ಲಿ ಆಗುತ್ತದೆ ಅಂತ ವಿಚಾರಿಸಿ. ಗಾರೆ ಕೆಲಸದಲ್ಲಿ ಎಷ್ಟೋ ಮೇಸ್ತ್ರಿಗಳು ಶನಿವಾರ ಸಂಜೆ ಬಾರ್ ಮುಂದೆಯೇ ನಿಂತು ಹಂಚುತ್ತಾರೆ. ಖಾತೆಗೆ ಹಾಕಿ ಅಂದರೆ ಹಾಕುತ್ತಾರೆ, ಕೇಳಬೇಕಷ್ಟೆ.

ಸಾಂಬಾರಿನಲ್ಲಿ ಮಾತ್ರೆ

"ಅವನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಹಾಕಿಬಿಡಿ ಸಾರ್, ಒಂದು ಮಾತ್ರೆ ಇದೆಯಂತೆ." ಇದನ್ನು ಕೇಳದ ವಾರ ಇಲ್ಲ. ಆ ಮಾತ್ರೆ ಡೈಸಲ್ಫಿರಾಮ್. ಅದನ್ನು ತಗೊಂಡು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವನು ಸತ್ತೇ ಹೋಗಬಹುದು. ಗೊತ್ತಿದ್ದು ನುಂಗಿದವನಿಗೆ ಅದೊಂದು ಬೇಲಿ. ಗೊತ್ತಿಲ್ಲದೆ ನುಂಗಿದವನಿಗೆ ಅದು ವಿಷ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಇರಬಹುದು. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ ಬೇರೆ ಥರದ ಮಾತ್ರೆಗಳೂ ಇವೆ, ಅವು ಆಸೆ ತಗ್ಗಿಸಲು. ಯಾವುದು ಯಾರಿಗೆ ಅಂತ ಡಾಕ್ಟರೇ ಹೇಳಲಿ.

ಭೇಟಿ, ಫೋನು

ಮೊದಲ ಕೆಲವು ಭೇಟಿಯಲ್ಲಿ ಮಾತು ಚಿಕ್ಕದಿರಲಿ. ಎಮ್ಮೆ ಕರು ಹಾಕಿತು, ಮಗಳು ಶಾಲೆಯಲ್ಲಿ ಡ್ಯಾನ್ಸ್ ಮಾಡಿದಳು, ಇಂಥದ್ದು ಸಾಕು. "ಇನ್ನು ಮುಟ್ಟಲ್ಲ ಅಂತ ಮಗು ತಲೆ ಮೇಲೆ ಕೈ ಇಟ್ಟು ಹೇಳು" ಅಂತ ಆಣೆ ಹಾಕಿಸಬೇಡಿ, ಮಂಜುನಾಥನ ಮೇಲೂ ಬೇಡ. ಅಕಸ್ಮಾತ್ ಒಂದು ದಿನ ತಪ್ಪಿದರೆ, ಆಣೆ ಮುರಿದವನು ಮನೆಗೆ ಬರಲು ಹೆದರುತ್ತಾನೆ. ಹೆದರಿದವನು ಮತ್ತೆ ಕುಡಿಯುತ್ತಾನೆ.

ಮೊದಲ ಸಲ ಊರಿಗೆ

ಇದಕ್ಕೆ ತಯಾರಿ ಬೇಕೇ ಬೇಕು. ಯುಗಾದಿಗೆ ಕಳಿಸಿ ಅಂತ ಎಲ್ಲರೂ ಕೇಳುತ್ತಾರೆ. ಯುಗಾದಿ ದಿನ ಏನೂ ಆಗುವುದಿಲ್ಲ, ಬೇವುಬೆಲ್ಲ, ಒಬ್ಬಟ್ಟು. ಮಾರನೇ ದಿನ ಹೊಸತೊಡಕು. ಹಳೇ ಮೈಸೂರು ಕಡೆ ಮಾಂಸದ ಗುಡ್ಡೆ ಹಾಕಿ, ಭಾವಮೈದುನರೆಲ್ಲ ಸೇರಿ, ಮಧ್ಯಾಹ್ನಕ್ಕೇ ಬಾಟಲಿ ತೆಗೆಯುವ ದಿನ. ಹಾಗಾಗಿ ಮೊದಲ ರಜೆ ಹಬ್ಬ, ಜಾತ್ರೆ, ಮದುವೆ ಯಾವುದೂ ಇಲ್ಲದ ವಾರದಲ್ಲಿರಲಿ. ಒಂದು ರಾತ್ರಿ ಸಾಕು.

ಬಸ್ ಸ್ಟ್ಯಾಂಡಿಗೆ ಮನೆಯವರೊಬ್ಬರು ಬರಬೇಕು, ಅದೂ ಬಸ್ ಬರುವ ಮೊದಲು. ತಾಲ್ಲೂಕು ಬಸ್ ಸ್ಟ್ಯಾಂಡ್ ಎದುರು ಬಾರ್ ಇಲ್ಲದ ಊರು ನಾನು ನೋಡಿಲ್ಲ. ಹಳೇ ಗೆಳೆಯರು ಸಂಜೆ ಮನೆಗೆ ಬರುತ್ತಾರೆ, "ಏನಪ್ಪಾ, ಸ್ವಾಮಿ ಆಗ್ಬಿಟ್ಯಂತೆ" ಅನ್ನುತ್ತಾರೆ. ಅದಕ್ಕೆ ಏನು ಹೇಳಬೇಕು ಅಂತ ನಮ್ಮಲ್ಲಿ ಮೊದಲೇ ಆಡಿ ನೋಡುತ್ತೇವೆ. ಒಬ್ಬ ಗೆಳೆಯನ ಪಾತ್ರ ಮಾಡುತ್ತಾನೆ, ಉಳಿದವರು ನಗುತ್ತಾರೆ. "ಮಾತ್ರೆ ತಗೋತಿದ್ದೀನಿ, ಡಾಕ್ಟರ್ ಬೇಡ ಅಂದಿದ್ದಾರೆ" ಅನ್ನುವ ಉತ್ತರ ಊರಿನಲ್ಲಿ ಚೆನ್ನಾಗಿ ನಡೆಯುತ್ತದೆ. ಮಾನ ಹೋಗುವುದಿಲ್ಲ, ವಾದವೂ ಮುಂದುವರಿಯುವುದಿಲ್ಲ. ಮನೆಯಲ್ಲಿ ಬಾಟಲಿ ಇಡಬೇಡಿ, ಅಪ್ಪನದ್ದಾದರೂ ಸರಿ. ವಾಪಸ್ ಬಂದ ಮೇಲೆ ಗೇಟಿನಲ್ಲಿ ಊದಿಸುತ್ತೇವೆ. ಬಂದವರೆಲ್ಲರಿಗೂ ಇದೇ, ಅನುಮಾನದ ಮಾತಿಲ್ಲ.

ತಪ್ಪಿದರೆ

ಕೆಲವರು ತಪ್ಪುತ್ತಾರೆ. ಕುಡಿದು ಬಂದವನನ್ನು ರಾತ್ರಿ ಗೇಟಿನಿಂದ ಆಚೆ ಹಾಕುವ ಮನೆ ಬೇಡ. ನಿಯಮ ಏನೇ ಇರಲಿ, ಬೆಳಗಿನವರೆಗೆ ಬೇರೆ ಕೋಣೆಯಲ್ಲಿ ಮಲಗಿಸಿ, ಡಾಕ್ಟರಿಗೆ ತೋರಿಸಿ, ಆಮೇಲೆ ತೀರ್ಮಾನ ಮಾಡಬೇಕು. ಸೇರಿಸುವ ಮೊದಲೇ ಈ ಪ್ರಶ್ನೆ ಕೇಳಿ. ಹೆರಾಯಿನ್ ಅಥವಾ ಅಂಥ ಇಂಜೆಕ್ಷನ್ ತಗೊಳ್ಳುತ್ತಿದ್ದ ಹುಡುಗರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೆಲವು ತಿಂಗಳು ಬಿಟ್ಟ ಮೈ ಹಳೇ ಅಳತೆಯನ್ನು ತಡೆಯುವುದಿಲ್ಲ, ಉಸಿರೇ ನಿಂತುಹೋಗಬಹುದು. ಅವರಿಗೆ ಇದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು.

ಹೊರಡುವಾಗ

ರಾತ್ರಿ ಪಾಳಿ ಮತ್ತು ಒಬ್ಬನೇ ಇರುವ ರೂಮು, ಎರಡೂ ಒಟ್ಟಿಗೆ ಬೇಡ. ಹಸಿದು, ಸುಸ್ತಾಗಿ, ಮಾತಾಡಲು ಯಾರೂ ಇಲ್ಲದ ಹೊತ್ತಿನಲ್ಲೇ ಕಾಲು ಹಳೇ ದಾರಿ ಹಿಡಿಯುವುದು. ರೂಮು ನೋಡುವಾಗ ಕೆಳಗೆ ಏನು ಅಂಗಡಿ ಇದೆ ನೋಡಿ. ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ ಹತ್ತಿರದಲ್ಲಿ ಎಲ್ಲಿ, ಯಾವ ದಿನ ಅಂತ ಹೊರಡುವ ಮೊದಲೇ ಒಮ್ಮೆ ಹೋಗಿ ಬರಲಿ. ಬೆಂಗಳೂರಿನಲ್ಲಿ ಕನ್ನಡದ ಸಭೆಗಳೂ ಇವೆ, ಫೀಸಿಲ್ಲ. ಧರ್ಮಸ್ಥಳದ ಮದ್ಯವರ್ಜನ ಶಿಬಿರ ನಡೆದ ಊರುಗಳಲ್ಲಿ ಕುಡಿತ ಬಿಟ್ಟವರ ನವಜೀವನ ಸಮಿತಿ ಇದ್ದರೆ ಅಲ್ಲಿಗೆ ಸೇರಬಹುದು.

ಈ ಎರಡು ನಂಬರ್ ಅವನ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಇರಲಿ. ವ್ಯಸನಕ್ಕೆ ಕೇಂದ್ರ ಸರ್ಕಾರದ ಸಹಾಯವಾಣಿ 14446. ಮನಸ್ಸು ಕೆಟ್ಟಾಗ, ನಿದ್ದೆ ಬಾರದಾಗ ಟೆಲಿ ಮಾನಸ್ 14416. ಇದು ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇದಕ್ಕೆ ಮನೆಯವರೂ ಫೋನ್ ಮಾಡಬಹುದು. ಹತ್ತಿರದಲ್ಲಿ ಎಲ್ಲಿಗೆ ಹೋಗಿ ತೋರಿಸಬೇಕು ಅಂತಲೂ ಕೇಳಿ ಬರೆದುಕೊಳ್ಳಿ.