ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಹೆರಿಗೆ: ಹೊಸದಾಗಿ ಬಂದ ನಮ್ಮವರಿಗೆ

ಗೊತ್ತಾದ ವಾರವೇ

ಊರಿನಂತೆ ತಿಂಗಳು ತಿಂಗಳೂ ದೊಡ್ಡ ಡಾಕ್ಟರು ನೋಡುತ್ತಾರೆ, ಹೋದಾಗಲೆಲ್ಲ ಸ್ಕ್ಯಾನ್ ಆಗುತ್ತದೆ ಎಂದುಕೊಳ್ಳಬೇಡಿ. ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಬಸುರಿಯನ್ನು ನೋಡಿಕೊಳ್ಳುವವರು ಮಿಡ್‌ವೈಫ್. ತೊಡಕಿಲ್ಲದ ಹೆರಿಗೆಯನ್ನು ಪೂರ್ತಿ ಅವರೇ ಮಾಡಿಸುತ್ತಾರೆ. ಅದಕ್ಕೆಂದೇ ಓದಿ ಬಂದವರು. ‘ಬರೀ ನರ್ಸು’ ಎಂಬ ಮಾತು ನಮ್ಮ ಬಾಯಲ್ಲಿ ಬರಬಾರದು.

ಅವರ ಮೊದಲ ಭೇಟಿ 10 ವಾರದೊಳಗೆ ಆಗಬೇಕು. ಸಾಮಾನ್ಯವಾಗಿ ಆಸ್ಪತ್ರೆಯ ವೆಬ್‌ಸೈಟಿನಲ್ಲಿ ನೀವೇ ಅರ್ಜಿ ತುಂಬಬಹುದು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂಬ ನಮ್ಮ ಪದ್ಧತಿ ನೆಂಟರ ಮಟ್ಟಿಗೆ ಇರಲಿ. ತೊಡಕಿಲ್ಲದಿದ್ದರೆ ಸ್ಕ್ಯಾನ್ ಎರಡೇ, 12ನೇ ವಾರದ ಸುಮಾರಿಗೆ ಒಂದು, 20ನೇ ವಾರದ ಸುಮಾರಿಗೆ ಇನ್ನೊಂದು. ನಮ್ಮ ಕಡೆಯವರಿಗೆ ಬಸುರಿನಲ್ಲಿ ಸಕ್ಕರೆ ಏರುವ ಸಂಭವ ಹೆಚ್ಚಾದ್ದರಿಂದ 24ರಿಂದ 28 ವಾರದೊಳಗೆ ಗ್ಲೂಕೋಸ್ ಪರೀಕ್ಷೆ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಿ, ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸ್ ಕುಡಿದು, 2 ಗಂಟೆ ಬಿಟ್ಟು ಮತ್ತೆ ರಕ್ತ ಕೊಡಬೇಕು. ದಿನ ಕೊಟ್ಟಿಲ್ಲವಾದರೆ ಕೇಳಿ ಪಡೆಯಿರಿ.

ಮೆಟರ್ನಿಟಿ ಎಕ್ಸೆಂಪ್ಷನ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಹೆರಿಗೆಯಾಗಿ 12 ತಿಂಗಳವರೆಗೆ ಔಷಧಿ ಚೀಟಿಗೂ ಎನ್‌ಎಚ್‌ಎಸ್ ಹಲ್ಲಿನ ಚಿಕಿತ್ಸೆಗೂ ದುಡ್ಡಿಲ್ಲ.

ಫೋನ್ ಮಾಡುವುದು (ಇದನ್ನು ಎರಡು ಸಲ ಓದಿ)

ಪ್ರತಿ ಹೆರಿಗೆ ಆಸ್ಪತ್ರೆಗೂ ಹಗಲು ರಾತ್ರಿ ಎತ್ತುವ ಒಂದು ನಂಬರು ಇರುತ್ತದೆ, ಮೆಟರ್ನಿಟಿ ಟ್ರಯಾಜ್ ಎನ್ನುತ್ತಾರೆ. ಅದು ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಇರಲಿ.

ಮಗು ಒದೆಯುವುದು ಕಡಿಮೆಯಾಗಿದೆ ಎನಿಸಿದರೆ ಆಗಲೇ ಫೋನ್ ಮಾಡಿ. ತಣ್ಣೀರು ಕುಡಿದು ನೋಡೋಣ, ಬೆಳಗಾಗಲಿ, ಅಮ್ಮನನ್ನು ಕೇಳೋಣ ಎಂದು ತಡಮಾಡಬೇಡಿ. ಅಂಗಡಿಯಲ್ಲಿ ಸಿಗುವ ಡಾಪ್ಲರ್ ಯಂತ್ರವನ್ನಂತೂ ನಂಬಲೇಬೇಡಿ. ಅದರಲ್ಲಿ ಕೇಳಿದ ಬಡಿತ ತಾಯಿಯದೇ ಇರಬಹುದು, ಅದನ್ನೇ ಮಗುವಿನದೆಂದುಕೊಂಡು ಸಮಾಧಾನದಿಂದ ಕೂತರೆ ಅನಾಹುತ. ರಕ್ತ ಹೋಗುವುದು, ನೀರು ಒಡೆಯುವುದು, ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ದಿಢೀರನೆ ಊದುವುದು, ಇವಕ್ಕೂ ಅದೇ ನಂಬರು. ಸುಮ್ಮನೆ ತೊಂದರೆ ಕೊಟ್ಟೆವೇನೋ ಎಂಬ ಸಂಕೋಚ ಬೇಡ, ನಿಮ್ಮ ಫೋನಿಗಾಗಿಯೇ ಅಲ್ಲಿ ಕೂತಿರುತ್ತಾರೆ.

ನೋವು ಶುರುವಾದಾಗ ಹೆಂಡತಿಯೇ ಮಾತಾಡಲಿ. ನೋವು ಬಂದಾಗ ಮಾತು ಹೇಗೆ ನಿಲ್ಲುತ್ತದೆ, ಉಸಿರು ಹೇಗಿದೆ ಎಂಬುದನ್ನೂ ಅವರು ಕಿವಿಗೊಟ್ಟು ಕೇಳುತ್ತಾರೆ. ನಮ್ಮ ಹೆಣ್ಣುಮಕ್ಕಳಿಗೆ ಹಲ್ಲುಕಚ್ಚಿ ಸಹಿಸುವುದು ರೂಢಿ. ‘ಐ ಯಾಮ್ ಓಕೆ’ ಎಂದರೆ ‘ಪ್ಯಾರಾಸಿಟಮಾಲ್ ತೆಗೆದುಕೊಂಡು ಮನೆಯಲ್ಲೇ ಇರಿ’ ಎನ್ನುತ್ತಾರೆ. ಅಂಕಿಯಲ್ಲಿ ಹೇಳಿ: ಎಷ್ಟು ನಿಮಿಷಕ್ಕೊಮ್ಮೆ, ಎಷ್ಟು ಸೆಕೆಂಡು, ಎಷ್ಟು ಹೊತ್ತಿನಿಂದ. ಸುಮಾರು 5 ನಿಮಿಷಕ್ಕೊಮ್ಮೆ, ಒಂದೊಂದೂ 60 ಸೆಕೆಂಡಿನಂತೆ ಕ್ರಮವಾಗಿ ಬರುತ್ತಿದ್ದರೆ ಸಾಮಾನ್ಯವಾಗಿ ಬರಹೇಳುತ್ತಾರೆ. ಮನೆಗೆ ಕಳಿಸಿದರೂ ನೋವು ಬದಲಾದರೆ ಮತ್ತೆ ಫೋನ್ ಮಾಡಬಹುದು. ಮೂರನೇ ಸಲವಾದರೂ ಸರಿ.

ನೋವಿಗೆ ಏನು ಬೇಕೆಂದೂ ನೀವೇ ಹೇಳಬೇಕು. ಗ್ಯಾಸ್ ಅಂಡ್ ಏರ್ ಉಸಿರಲ್ಲಿ ಎಳೆದುಕೊಳ್ಳುವುದು, ಪೆಥಿಡಿನ್ ಸೂಜಿ, ಎಪಿಡ್ಯೂರಲ್ ಬೆನ್ನಿನಲ್ಲಿ. ಎಪಿಡ್ಯೂರಲ್‌ಗೆ ಅರಿವಳಿಕೆ ಡಾಕ್ಟರು ಬೇರೆ ಕಡೆಯಿಂದ ಬರಬೇಕಾದೀತು, ಆದ್ದರಿಂದ ತಡವಾಗಿ ಕೇಳಬೇಡಿ. ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ ಎನಿಸಿದರೆ ‘ಮಿಡ್‌ವೈಫ್ ಇನ್ ಚಾರ್ಜ್’ ಅಥವಾ ‘ಕನ್ಸಲ್ಟೆಂಟ್’ (ಹಿರಿಯ ಡಾಕ್ಟರು) ಬರಲಿ ಎಂದು ಗಟ್ಟಿಯಾಗಿ ಕೇಳಿ. ಇಂಗ್ಲಿಷ್ ಸರಾಗವಿಲ್ಲದಿದ್ದರೆ ಕನ್ನಡದ ದುಭಾಷಿಯನ್ನು ಕೇಳಿ, ಅದಕ್ಕೆ ಹಣವಿಲ್ಲ. ನಮ್ಮ ಭಾಷೆಯನ್ನು ಕೇಳಿ ಪಡೆಯಲು ನಾಚಿಕೆ ಏಕೆ?

ಚೀಲದಲ್ಲಿ

ದಪ್ಪ ಮೆಟರ್ನಿಟಿ ಪ್ಯಾಡ್ 2 ಪ್ಯಾಕ್. ಮುಂದೆ ಗುಂಡಿಯಿರುವ ನೈಟಿ. ಮಗುವಿಗೆ ನ್ಯಾಪಿ, ಹತ್ತಿ, ಬನಿಯನ್ನು, ಟೋಪಿ. ಉದ್ದ ವಯರಿನ ಚಾರ್ಜರ್. ಬಿಸಿನೀರಿಗೆ ಫ್ಲಾಸ್ಕ್, ಏಕೆಂದರೆ ಬಾಣಂತಿಗೂ ಇಲ್ಲಿ ಜಗ್ಗಿನಲ್ಲಿ ತಣ್ಣೀರೇ. ಕಾರಿನಲ್ಲಿ ಕರೆದೊಯ್ಯುವುದಾದರೆ ಮಗುವಿನ ಸೀಟ್ ಬೇಕೇಬೇಕು. ಬೆಲ್ಟ್ ಕಟ್ಟುವುದನ್ನು ಮೊದಲೇ ಕಲಿತಿರಿ.

ವಾರ್ಡಿನಲ್ಲಿ

ಮಗು ಮೊದಲ ಗಳಿಗೆಯಿಂದ ನಿಮ್ಮ ಪಕ್ಕದಲ್ಲೇ. ಸ್ನಾನ ಮಾಡಿಸಲು, ಬಟ್ಟೆ ಬದಲಿಸಲು ಆಯಾ ಇರುವುದಿಲ್ಲ. ಹಾಲು ಹಿಡಿಯದಿದ್ದರೆ ಬಝರ್ ಒತ್ತಿ ಸಹಾಯ ಕೇಳಿ. ಮೊದಲು ಬರುವ ದಪ್ಪ ಹಳದಿ ಹಾಲು ಚಮಚದಷ್ಟೇ ಇದ್ದರೂ ಕುಡಿಸಬೇಕು, ಹಿಂಡಿ ಚೆಲ್ಲುವಂತಿಲ್ಲ.

ಎಲ್ಲ ಸರಿಯಿದ್ದರೆ ಸಹಜ ಹೆರಿಗೆಯಾದ 24 ಗಂಟೆಯೊಳಗೇ ಮನೆಗೆ ಕಳಿಸಬಹುದು. ಸಿಸೇರಿಯನ್ ಆದವರಲ್ಲಿ ಹಲವರಿಗೆ ರಕ್ತ ಹೆಪ್ಪುಗಟ್ಟದಂತೆ ಮನೆಯಲ್ಲೂ ಸೂಜಿ ಇರುತ್ತದೆ, ಮದ್ದು ತುಂಬಿಯೇ ಬರುವ ಪುಟ್ಟ ಸಿರಿಂಜು. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮಡಿಕೆ ಹಿಡಿದು ನೇರ ಚುಚ್ಚಬೇಕು, ಉಜ್ಜಬಾರದು. ಹೊರಡುವ ಮುಂಚೆ ಗಂಡ ಒಮ್ಮೆ ನರ್ಸಿನ ಎದುರೇ ಹಾಕಿ ಕಲಿಯಲಿ.

ಮನೆಯ ಬಾಣಂತನ

ಮಿಡ್‌ವೈಫ್ ಮನೆಗೆ ಬರುತ್ತಾರೆ, 5ನೇ ದಿನದ ಸುಮಾರಿಗೆ ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆಯುತ್ತಾರೆ. ಬಾಣಂತಿಗೆ ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆದರೆ ತುರ್ತು ನಂಬರಾದ 999ಕ್ಕೆ ಫೋನ್ ಮಾಡಿ. ಮಗುವಿನ ಕಾಮಾಲೆ ನಮ್ಮ ಮೈಬಣ್ಣದಲ್ಲಿ ಬೇಗ ಕಾಣುವುದಿಲ್ಲ. ಹಗಲು ಬೆಳಕಿನಲ್ಲಿ ಕಣ್ಣಿನ ಬಿಳಿಭಾಗ, ಒಸಡು ನೋಡಿ. ಮೊದಲ 24 ಗಂಟೆಯಲ್ಲೇ ಹಳದಿ ಕಂಡರೆ ತಕ್ಷಣ ತೋರಿಸಬೇಕು.

ಅಜ್ಜಿಯರ ಮೇಲೆ ನಮಗೆ ಗೌರವವಿದೆ. ಮೆಂತ್ಯದ ಮುದ್ದೆ, ಬೆಳ್ಳುಳ್ಳಿ ಸಾರು, ಎಣ್ಣೆನೀರು ಎಲ್ಲ ನಡೆಯಲಿ. ಆದರೆ ಜೇನು ಒಂದು ವರ್ಷದವರೆಗೆ ನಾಲಿಗೆಗೂ ತಾಗಿಸಬಾರದು, ಅದರಿಂದ ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು. ಕಾಡಿಗೆಯಲ್ಲಿ ಸೀಸ ಇರಬಹುದು, ಬೇಡ. ಸಾಸಿವೆ ದಿಂಬೂ ಬೇಡ; ಮಗು ಅಂಗಾತ, ಬರೀ ಹಾಸಿಗೆಯ ಮೇಲೆ ಮಲಗಲಿ. ಕೋಣೆ 16ರಿಂದ 20 ಡಿಗ್ರಿ ಸಾಕು. ಸಾಂಬ್ರಾಣಿ ಹೊಗೆ ಮಗುವಿನ ಉಸಿರಿಗೆ ಒಳ್ಳೆಯದಲ್ಲ, ಹೊಗೆ ಅಲಾರಮ್ ಕೂಗಿ ಇಡೀ ಕಟ್ಟಡ ಎದ್ದು ಬರುತ್ತದೆ.

ಅಡುಗೆಗೆ ದಿಕ್ಕಿಲ್ಲದಿದ್ದರೆ ನಮ್ಮ ಕನ್ನಡ ಸಂಘಕ್ಕೆ ಒಂದು ಮಾತು ಹೇಳಿ, ಸರದಿಯ ಮೇಲೆ ಅನ್ನ ಸಾರು ಮನೆಗೇ ಬರುತ್ತದೆ. ಕನ್ನಡದ ಬಾಣಂತಿ ಇಲ್ಲಿ ಟೋಸ್ಟ್ ತಿಂದು ಮಲಗಬೇಕಾಗಿಲ್ಲ.

ಕಾಗದಪತ್ರ

ಜನನ ನೋಂದಣಿ 42 ದಿನದೊಳಗೆ. ಇನಿಷಿಯಲ್ ಬಿಡಿಸಿ ಬರೆಯಬೇಕೇ, ಸರ್‌ನೇಮ್ ಯಾವುದು ಎಂಬುದನ್ನು ನಾಮಕರಣದ ಹೊತ್ತಿಗೇ ತೀರ್ಮಾನಿಸಿ. ಸಹಿ ಹಾಕುವ ಮುಂಚೆ ಅಕ್ಷರ ಅಕ್ಷರ ಓದಿ, ಆಮೇಲೆ ತಿದ್ದಿಸುವುದು ದೊಡ್ಡ ರಗಳೆ.

ಹುಟ್ಟಿದಾಗ ತಂದೆತಾಯಿ ಇಬ್ಬರೂ ವರ್ಕ್ ವೀಸಾದಲ್ಲಿದ್ದರೆ ಮಗು ಬ್ರಿಟಿಷ್ ಪ್ರಜೆಯಾಗುವುದಿಲ್ಲ. ಭಾರತೀಯ ಹೈಕಮಿಷನ್‌ನಲ್ಲಿ ಒಂದು ವರ್ಷದೊಳಗೆ ಜನನ ನೋಂದಾಯಿಸಿ, ಪಾಸ್‌ಪೋರ್ಟ್ ಮಾಡಿಸಿ, ವೀಸಾಕ್ಕೆ ಹಾಕಿ. ನೀವು ವೀಸಾ ಜೊತೆಗಿನ ಆರೋಗ್ಯ ಸರ್‌ಚಾರ್ಜ್ ಕಟ್ಟಿದ್ದರೆ ಮಗುವಿಗೆ ಮೊದಲ 3 ತಿಂಗಳು ಎನ್‌ಎಚ್‌ಎಸ್ ಚಿಕಿತ್ಸೆಗೆ ಶುಲ್ಕವಿಲ್ಲ. ಆ ಗಡುವಿನೊಳಗೆ ವೀಸಾ ಅರ್ಜಿ ಹೋಗಲಿ. ವೀಸಾದಲ್ಲಿ ‘ನೋ ಪಬ್ಲಿಕ್ ಫಂಡ್ಸ್’ (ಸರ್ಕಾರಿ ನೆರವಿಲ್ಲ) ಎಂದಿದ್ದರೆ ಮಕ್ಕಳಿಗೆಂದು ಸರ್ಕಾರ ಕೊಡುವ ಚೈಲ್ಡ್ ಬೆನಿಫಿಟ್‌ಗೆ ಅರ್ಜಿ ಹಾಕಬೇಡಿ, ವೀಸಾಕ್ಕೇ ಕುತ್ತು.

ಜಾತಕ ಬರೆಸುವವರು ಗಮನಿಸಿ: ಇಲ್ಲಿಯ ಜನನ ಪ್ರಮಾಣಪತ್ರದಲ್ಲಿ, ಅವಳಿಗಳಿಗೆ ಬಿಟ್ಟರೆ, ಹುಟ್ಟಿದ ಸಮಯ ಬರೆಯುವುದಿಲ್ಲ. ಆಸ್ಪತ್ರೆಯಿಂದ ಹೊರಡುವ ಮುಂಚೆ ಮಿಡ್‌ವೈಫ್‌ರಿಂದ ಕೇಳಿ ಬರೆದಿಟ್ಟುಕೊಳ್ಳಿ. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಊರಿನ ಜೋಯಿಸರಿಗೆ ಅದನ್ನೂ ತಿಳಿಸಿ.