ಬೇಸ್ ಬಡಿದಾಗ ಹೆಡ್‌ಲೈಟ್ ಕಣ್ಣು ಮಿಟುಕಿಸಿದರೆ

ಹಾಡಿನಲ್ಲಿ ಬೇಸ್ ಬಿದ್ದಾಗಲೆಲ್ಲ ಎದುರು ಗೋಡೆ ಮೇಲಿನ ಹೆಡ್‌ಲೈಟ್ ಬೆಳಕೂ ತಾಳ ಹಾಕುತ್ತಿತ್ತು. ಮೊದಮೊದಲು ನನಗೆ ಅದೊಂದು ಹೆಮ್ಮೆ: ನೋಡ್ರಪ್ಪ, ನನ್ನ ಆಂಪ್ಲಿಫೈಯರ್ ಎಷ್ಟು ಜೋರಿದೆ ಅಂತ. ಒಂದು ಬೆಳಿಗ್ಗೆ ಸೆಲ್ಫ್ ಹೊಡೆದರೆ ‘ಟಕ್’ ಅಂದು ಸುಮ್ಮನಾಯಿತು. ಹೆಮ್ಮೆಯೂ ಅಲ್ಲಿಗೆ ಇಳಿಯಿತು.

ನನ್ನದು 12 ವೋಲ್ಟಿನ ಡೀಸೆಲ್ ಪಿಕಪ್ ಟ್ರಕ್. ಬ್ಯಾಟರಿ 70 ಎಎಚ್ (ಆಂಪಿಯರ್-ಅವರ್, ಅದರಲ್ಲಿ ಹಿಡಿಯುವ ಚಾರ್ಜಿನ ಅಳತೆ), ಎಂಜಿನ್ ಓಡುವಾಗ ಅದನ್ನು ಚಾರ್ಜ್ ಮಾಡುವ ಡೈನಮೋ 90 ಆಂಪಿಯರ್. ಆಲ್ಟರ್ನೇಟರ್ ಅನ್ನಬೇಕು ನಿಜ, ಆದರೆ ನಮ್ಮ ಬಾಯಲ್ಲಿ ಅದು ಯಾವತ್ತೂ ಡೈನಮೋನೇ. ಸೀಟಿನ ಹಿಂದೆ ಸಬ್‌ವೂಫರ್‌ಗೆ 1000 ವಾಟ್ ಆರ್‌ಎಂಎಸ್‌ನ (ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ) ಕ್ಲಾಸ್ ಡಿ, ಅಂದರೆ ಕರೆಂಟ್ ಕಡಿಮೆ ಪೋಲು ಮಾಡುವ ಬಗೆಯ ಆಂಪ್ಲಿಫೈಯರ್, ಬಾಗಿಲಿನ ಸ್ಪೀಕರ್‌ಗಳಿಗೆ ಇನ್ನೊಂದು ಚಿಕ್ಕದು. ಬ್ಯಾಟರಿ ಸತ್ತಿದೆ ಅಂದುಕೊಂಡು ಹೊಸದು ಹಾಕಿಸಿದೆ. ಮೂರು ವಾರಕ್ಕೆ ಮತ್ತೆ ಅದೇ ಟಕ್. ಡೈನಮೋ ಬಿಚ್ಚಿಸಿ ಬ್ರಷ್, ರೆಗ್ಯುಲೇಟರ್ ಬದಲಿಸಿದೆ. ಆಗಲೂ ಅದೇ. ಕೊನೆಗೆ ಗೊತ್ತಾಗಿದ್ದು ಏನೆಂದರೆ, ತಪ್ಪು ಎರಡಿದ್ದವು, ಎರಡೂ ಬ್ಯಾಟರಿಯಲ್ಲೂ ಇರಲಿಲ್ಲ, ಡೈನಮೋದಲ್ಲೂ ಇರಲಿಲ್ಲ. ಅಳೆಯದೆ ಬಿಡಿಭಾಗ ಬದಲಿಸಿದ್ದಕ್ಕೆ ಸಿಕ್ಕ ಫಲ.

ಬೇಕಾಗುವುದು ಒಂದು ಡಿಜಿಟಲ್ ಮಲ್ಟಿಮೀಟರ್. ವೈರ್ ಬಿಚ್ಚದೆ ಅದರ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್, ಅದೂ ಡಿಸಿ ಅಳೆಯುವಂಥದ್ದು ಇದ್ದರೆ ಕೆಲಸ ಅರ್ಧ ಹಗುರ. ಆದರೆ ಕೊಳ್ಳುವಾಗ ನೋಡಿಕೊಳ್ಳಿ, ಬರೀ ಎಸಿ ಅಳೆಯುವ ಕ್ಲಾಂಪ್ ಗಾಡಿಯ ವೈರಿಗೆ ಹಾಕಿದರೆ ಸೊನ್ನೆ ತೋರಿಸಿ ಕೂರುತ್ತದೆ.

ಬ್ಯಾಟರಿಯಿಂದಲೇ ಶುರು ಮಾಡಿ. ಅರೆಹೊಟ್ಟೆ ಬ್ಯಾಟರಿ ಇಟ್ಟುಕೊಂಡು ಮಾಡಿದ ಯಾವ ಪರೀಕ್ಷೆಯನ್ನೂ ನಂಬುವ ಹಾಗಿಲ್ಲ. ಹೊರಗಿನ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ, ರಾತ್ರಿಯಿಡೀ ಹಾಗೇ ಬಿಟ್ಟು ಬೆಳಿಗ್ಗೆ ಅಳೆಯಿರಿ. 12.6 ವೋಲ್ಟ್ ಅಥವಾ ಮೇಲಿದ್ದರೆ ತುಂಬಿದೆ, 12.2 ಅಂದರೆ ಅರ್ಧ. 12ಕ್ಕೆ ಬಂದಿದ್ದರೆ ತಳ ಕಾಣುತ್ತಿದೆ ಅಂತ ಅರ್ಥ. ಚಾರ್ಜರ್ ತೆಗೆದ ಕೂಡಲೇ ಅಳೆದರೆ 13ರ ಹತ್ತಿರ ತೋರಿಸುತ್ತದೆ, ಅದು ಮೇಲುಮೇಲಿನ ಚಾರ್ಜ್, ನಂಬಬೇಡಿ. ಆಮೇಲೆ ಯಾರನ್ನಾದರೂ ಸೆಲ್ಫ್ ಹೊಡೆಯಲು ಕೂರಿಸಿ ಮೀಟರ್ ನೋಡುತ್ತಿರಿ. ತುಂಬಿದ ಬ್ಯಾಟರಿಯೂ ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು. ನನ್ನದು 10.4ರಲ್ಲಿ ನಿಂತಿತ್ತು. ಅಂದರೆ ಹೊಸ ಬ್ಯಾಟರಿಗೆ ಏನೂ ಆಗಿರಲಿಲ್ಲ, ಅದಕ್ಕೆ ಊಟ ಹಾಕುವವರಿರಲಿಲ್ಲ ಅಷ್ಟೇ.

ಎಂಜಿನ್ ಓಡುವಾಗ, ಎಲ್ಲ ಆಫ್ ಇದ್ದರೆ, ಬ್ಯಾಟರಿ ಮೇಲೆ ಸಾಮಾನ್ಯವಾಗಿ 13.8ರಿಂದ 14.7ರೊಳಗೆ ಬರಬೇಕು. ಇಂಧನ ಉಳಿಸಲು ಕಂಪ್ಯೂಟರೇ ಚಾರ್ಜಿಂಗ್ ಏರಿಳಿಸುವ ಹೊಸ ಗಾಡಿಗಳಲ್ಲಿ ಕೆಲವೊಮ್ಮೆ ಇದಕ್ಕಿಂತ ಕಡಿಮೆ ಕಂಡರೂ ಗಾಬರಿ ಬೇಡ. ಹೆಡ್‌ಲೈಟ್ ಹಾಕಿದರೆ ಏರುತ್ತದೆ. ನನ್ನ ಗಾಡಿಯಲ್ಲಿ 14.2 ಬಂತು. ಇಲ್ಲೇ ನಾನು ಮೊದಲ ಸಲ ಮೋಸ ಹೋಗಿದ್ದು. ಲೋಡ್ ಇಲ್ಲದೆ, ಅಂದರೆ ಕರೆಂಟ್ ಎಳೆಯುವ ಯಾವುದೂ ಆನ್ ಇಲ್ಲದೆ ಅಳೆದರೆ ಕೆಟ್ಟ ಜಾಯಿಂಟ್ ಕೂಡ ಸಾಧು ಮುಖ ಮಾಡಿಕೊಂಡಿರುತ್ತದೆ.

ಆದ್ದರಿಂದ ಲೋಡ್ ಕೊಡಿ. ಹೆಡ್‌ಲೈಟ್ ಹೈ ಬೀಮ್, ಬ್ಲೋವರ್ ಪೂರ್ತಿ, ಜೊತೆಗೆ ಆಡಿಯೋ. ಹಾಡು ಹಾಕಿದರೆ ಮೀಟರಿನ ಅಂಕಿ ಕುಣಿಯುತ್ತದೆ, ಏನೂ ತಿಳಿಯುವುದಿಲ್ಲ. ಅದರ ಬದಲು 50 ಹರ್ಟ್ಜ್‌ನ ಒಂದೇ ಸಮದ ಟೋನ್ ಹಾಕಿ, ವಾಲ್ಯೂಮ್ ಅರ್ಧಕ್ಕಿಡಿ, 10–15 ಸೆಕೆಂಡಿಗಿಂತ ಹೆಚ್ಚು ಬೇಡ. ಟೋನ್ ಅನ್ನು ಪೂರ್ತಿ ಜೋರಾಗಿ ಬಿಟ್ಟುಕೊಂಡು ಕೂತರೆ ವೂಫರಿನ ಕಾಯಿಲ್ ಸುಟ್ಟ ವಾಸನೆ ಬರುತ್ತದೆ.

ಎಂಜಿನ್ 1500 ಆರ್‌ಪಿಎಂನಲ್ಲಿಟ್ಟು ಅಳೆದಾಗ ಬ್ಯಾಟರಿ ಮೇಲೆ 13.2. ಅದೇ ಹೊತ್ತಿಗೆ ಡೈನಮೋದ ಹಿಂದೆ ಕರೆಂಟ್ ಹೊರಬರುವ ಬಿ ಪ್ಲಸ್ ಬೋಲ್ಟ್ ಮತ್ತು ಅದರ ಬಾಡಿ ನಡುವೆ ಹಿಡಿದರೆ 14.3. ಡೈನಮೋ ಕೊಡುತ್ತಿದೆ, ಬ್ಯಾಟರಿಗೆ ತಲುಪುತ್ತಿಲ್ಲ. ನಡುದಾರಿಯಲ್ಲಿ 1.1 ವೋಲ್ಟ್ ಮಾಯ.

ಕಳ್ಳನನ್ನು ಹಿಡಿಯುವ ಕ್ರಮ ಇದು. ಲೋಡ್ ಹಾಗೇ ಇರಲಿ. ಮೀಟರಿನ ಕೆಂಪು ಕಡ್ಡಿ ಡೈನಮೋದ ಬಿ ಪ್ಲಸ್‌ಗೆ, ಕಪ್ಪು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ. ಎರಡೂ ಪ್ಲಸ್ಸೇ, ಹೆದರಬೇಡಿ. ತೋರಿಸುವ ಅಂಕಿಯೇ ಆ ವೈರಿನಲ್ಲಿ ಕಳೆದುಹೋಗುತ್ತಿರುವ ವೋಲ್ಟೇಜ್. 0.2, ಹೆಚ್ಚೆಂದರೆ 0.3ರವರೆಗೆ ಪರವಾಗಿಲ್ಲ. ಹಾಗೆಯೇ ಡೈನಮೋ ಬಾಡಿಯಿಂದ ಬ್ಯಾಟರಿಯ ಮೈನಸ್‌ಗೆ ಇಡಿ, ಅಲ್ಲಿ 0.1ರ ಆಸುಪಾಸು ಇರಬೇಕು. ಮೂರನೆಯದು, ಆಂಪ್ಲಿಫೈಯರಿನ ಅರ್ತ್ ಟರ್ಮಿನಲ್‌ನಿಂದ ಬ್ಯಾಟರಿ ಮೈನಸ್‌ಗೆ. ಇದನ್ನು ಬಹಳ ಜನ ಮರೆಯುತ್ತಾರೆ. ಬಣ್ಣ ಕೆರೆಯದೆ ಬಾಡಿಗೆ ಬೋಲ್ಟ್ ಮಾಡಿದ ಅರ್ತ್ ಇಲ್ಲೇ ಸಿಕ್ಕಿಬೀಳುತ್ತದೆ.

ನನ್ನ ಗಾಡಿಯ ಮೈನಸ್ ಕಡೆ 0.1. ಪ್ಲಸ್ ಕಡೆ ಬರೋಬ್ಬರಿ 1.0. ವೈರ್ ಹಿಡಿದುಕೊಂಡು ಹೋದೆ. ಡೈನಮೋದಿಂದ ಬಂದ ವೈರ್ ಬಾನೆಟ್ ಒಳಗಿನ ಫ್ಯೂಸ್ ಬಾಕ್ಸಿನಲ್ಲಿ ಬೋಲ್ಟ್ ಹಾಕುವಂಥ ದೊಡ್ಡ ಫ್ಯೂಸಿಗೆ ಸೇರುತ್ತದೆ. ಮುಚ್ಚಳ ತೆಗೆದರೆ ಬೋಲ್ಟಿನ ಸುತ್ತ ಪ್ಲಾಸ್ಟಿಕ್ ಚಹಾ ಬಣ್ಣಕ್ಕೆ ತಿರುಗಿತ್ತು, ವೈರಿನ ತುದಿಯ ಬಳೆ, ಅಂದರೆ ಲಗ್ಗಿನ ತಾಮ್ರ ಕಪ್ಪಾಗಿತ್ತು. ಸ್ಪ್ಯಾನರ್ ಇಟ್ಟರೆ ನಟ್ಟು ಬೆರಳಲ್ಲೇ ತಿರುಗುವಷ್ಟು ಸಡಿಲ. ಕ್ಲಾಂಪ್ ಮೀಟರಿನಲ್ಲಿ ಆ ವೈರಿನಲ್ಲಿ 60 ಆಂಪಿಯರ್ ಹರಿಯುತ್ತಿತ್ತು. 1 ವೋಲ್ಟನ್ನು 60 ಆಂಪಿಯರಿನಿಂದ ಗುಣಿಸಿ: ಒಂದು ಹೆಡ್‌ಲೈಟ್ ಬಲ್ಬಿನಷ್ಟು ಶಾಖ ಆ ಒಂದೇ ನಟ್ಟಿನಲ್ಲಿ! ಬ್ಯಾಟರಿಯ ಮೈನಸ್ ಕಳಚಿ, ಲಗ್ ಕತ್ತರಿಸಿ ಹೊಸದು ಕ್ರಿಂಪ್ ಮಾಡಿ (ಒತ್ತಿ ಕಚ್ಚಿಸಿ), ಫ್ಯೂಸ್ ಬದಲಿಸಿ ಬಿಗಿ ಮಾಡಿದೆ. ನಷ್ಟ 0.15ಕ್ಕೆ ಇಳಿಯಿತು. ಹಾಗೇ ಡೈನಮೋದಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಚಾಸಿಗೆ, ಎಂಜಿನ್‌ನಿಂದ ಚಾಸಿಗೆ ಇನ್ನೊಂದೊಂದು ದಪ್ಪ ವೈರ್ ಎಳೆದೆ. ಪ್ಲಸ್ ವೈರಿಗೆ ಫ್ಯೂಸ್ ಮರೆಯಬೇಡಿ. ವೈರ್ ಪೂರ್ತಿ ತಾಮ್ರದ್ದೇ ಇರಲಿ, ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಅದೇ ದಪ್ಪಕ್ಕೆ ಅಷ್ಟು ಕರೆಂಟ್ ಹೊರುವುದಿಲ್ಲ. ಬ್ಯಾಟರಿ ಮೈನಸ್ ಮೇಲೆ ಕರೆಂಟ್ ಸೆನ್ಸರ್ ಇರುವ ಗಾಡಿಯಾದರೆ ಆಂಪ್ಲಿಫೈಯರಿನ ಅರ್ತನ್ನು ಚಾಸಿಗೇ ಕೊಡಿ. ನೇರ ಬ್ಯಾಟರಿ ಪೋಸ್ಟಿಗೆ ಕೊಟ್ಟರೆ ಆ ಕರೆಂಟ್ ಸೆನ್ಸರಿನ ಲೆಕ್ಕಕ್ಕೇ ಬರುವುದಿಲ್ಲ.

ಡೈನಮೋದಲ್ಲೇ 13ರ ಕೆಳಗಿದ್ದರೆ ಮಾತ್ರ ಡೈನಮೋ ಮೇಲೆ ಕೈ ಹಾಕಿ. ಅದಕ್ಕೂ ಮೊದಲು ಬೆಲ್ಟ್ ನೋಡಿ. ಬೇಸ್ ಬಿದ್ದಾಗ ಕಿರ್ರ್ ಅಂದರೆ ಜಾರುತ್ತಿದೆ. ಕೀ ಆನ್ ಮಾಡಿದಾಗ ಬ್ಯಾಟರಿ ದೀಪ ಉರಿಯುತ್ತದೆಯೇ ನೋಡಿ; ಹಳೆ ಗಾಡಿಗಳಲ್ಲಿ ಆ ಬಲ್ಬ್ ಹೋದರೆ ಡೈನಮೋ ಎಚ್ಚರವೇ ಆಗದಿರಬಹುದು. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿ ಮೇಲೆ ಹಿಡಿದರೆ 0.1ರೊಳಗೆ ಇರಬೇಕು, 0.5 ದಾಟಿದರೆ ಡೈನಮೋದೊಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್ ಹೋಗಿದೆ. ಎಂಜಿನ್ ಓಡುವಾಗ ಬ್ಯಾಟರಿ ಕಳಚಿ ನೋಡುವ ಹಳೇ ಚಾಳಿ ಮಾತ್ರ ಬೇಡವೇ ಬೇಡ. ಆ ಕ್ಷಣಕ್ಕೆ ಎದ್ದ ವೋಲ್ಟೇಜಿಗೆ ಆಂಪ್ಲಿಫೈಯರ್, ಗಾಡಿಯ ಕಂಪ್ಯೂಟರ್ ಎರಡೂ ಹೋಗಬಹುದು.

ಎಲ್ಲ ಸರಿಯಾಯಿತು ಅಂತ ನಿರಾಳವಾಗಿದ್ದೆ. ಎರಡು ದಿನ ಗಾಡಿ ತೆಗೆಯಲಿಲ್ಲ, ಮತ್ತೆ ಟಕ್! ಈ ಸಲ ಓಡುವಾಗಿನ ತಪ್ಪಲ್ಲ, ನಿಂತಾಗಿನ ಸೋರಿಕೆ. ಕೀ ತೆಗೆದು, ಬಾಗಿಲು ಹಾಕಿ, ಗಾಡಿಯ ಎಲೆಕ್ಟ್ರಾನಿಕ್ಸ್ ನಿದ್ದೆಗೆ ಹೋಗಲು ಒಂದು ಗಂಟೆ ಬಿಟ್ಟು ಮೈನಸ್ ಕೇಬಲ್‌ಗೆ ಕ್ಲಾಂಪ್ ಹಾಕಿದೆ. 0.05 ಆಂಪಿಯರಿನೊಳಗೆ ಇರಬೇಕಾದದ್ದು 1.2 ಇತ್ತು. 48 ಗಂಟೆಗೆ ಸುಮಾರು 58 ಎಎಚ್. 70ರ ಬ್ಯಾಟರಿಯಲ್ಲಿ ಇನ್ನೇನು ಉಳಿದೀತು? ಸೀಟಿನ ಹಿಂದೆ ಕೈ ಹಾಕಿದರೆ ಆಂಪ್ಲಿಫೈಯರ್ ಬೆಚ್ಚಗಿತ್ತು. ಸ್ಟೀರಿಯೋ ಹಿಂದೆ, ಆಂಪ್ಲಿಫೈಯರನ್ನು ಆನ್ ಮಾಡುವ ರಿಮೋಟ್ ವೈರನ್ನು ಸದಾ ಕರೆಂಟ್ ಇರುವ ಹಳದಿ ವೈರಿಗೆ ಸುತ್ತಿದ್ದವನು ನಾನೇ, ಕತ್ತಲಲ್ಲಿ, ಅವಸರದಲ್ಲಿ. ಸ್ಟೀರಿಯೋ ಆನ್ ಇದ್ದಾಗ ಮಾತ್ರ ಕರೆಂಟ್ ಬರುವ ನೀಲಿ-ಬಿಳಿ ವೈರಿಗೆ ಬದಲಿಸಿದೆ, 0.03ಕ್ಕೆ ಇಳಿಯಿತು.

ಇಷ್ಟಾದರೂ ಲೆಕ್ಕ ತಪ್ಪಿಸಲಾಗದು. 1000 ವಾಟಿನ ಕ್ಲಾಸ್ ಡಿ ಆಂಪ್ಲಿಫೈಯರ್ ಶೇ. 80ರ ದಕ್ಷತೆಯಲ್ಲಿ 13.8 ವೋಲ್ಟಿಗೆ ಪೂರ್ತಿ ಜೋರಿನಲ್ಲಿ 90 ಆಂಪಿಯರ್ ಎಳೆಯುತ್ತದೆ. ಹಾಡಿನ ಸರಾಸರಿ ಅದರ ಮೂರನೇ ಒಂದು ಭಾಗ ಅಂತ ಹಿಡಿದರೂ 30. ನನ್ನ ಗಾಡಿಗೇ ರಾತ್ರಿ ಹೊತ್ತು 30ರ ಮೇಲೆ ಬೇಕು. 90ರ ಡೈನಮೋ ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ನಿಧಾನ ಓಡುವಾಗ, ಅರ್ಧ ಕೊಟ್ಟರೆ ದೊಡ್ಡದು. ಕೊರತೆಯನ್ನು ಬ್ಯಾಟರಿಯೇ ತುಂಬಬೇಕು. ಕೆಪಾಸಿಟರ್ ಹಾಕಿಸು ಅಂದವರು ಬಹಳ. ಅದು ಕ್ಷಣಮಾತ್ರದ ಕುಸಿತವನ್ನು ಸ್ವಲ್ಪ ಮುಚ್ಚೀತು, ಕರೆಂಟ್ ಹುಟ್ಟಿಸುವುದಿಲ್ಲ. ನಾನು ಹಾಕಿಸಲಿಲ್ಲ.

ಈಗ ದಾರಿಯಲ್ಲಿ 14.1, ಬೇಸ್ ಬಿದ್ದಾಗ 13.7. ಐಡಲ್‌ನಲ್ಲಿ ನಿಂತು ಜೋರು ಮಾಡಿದರೆ ಹೆಡ್‌ಲೈಟ್ ಇನ್ನೂ ಒಂಚೂರು ಮಿಟುಕುತ್ತದೆ. ದೊಡ್ಡ ಡೈನಮೋ ಹಾಕುವವರೆಗೆ ಅಲ್ಲಿ ವಾಲ್ಯೂಮ್ ಎರಡು ಗೆರೆ ಇಳಿಸುತ್ತೇನೆ.