ಮದುವೆಯ ಮೇಣದಬತ್ತಿ: ಕಾಗದ ಹೊತ್ತಿಕೊಳ್ಳಲಿಲ್ಲ

ಮೇಣದಬತ್ತಿಯ ಮೈಗೆ ಅಕ್ಷರದ ಕಾಗದ ಅಂಟಿಸಿದರೆ ಇಗರ್ಜಿಯೊಳಗೇ ಬೆಂಕಿ ಹತ್ತುತ್ತದೆ ಅಂತ ನನ್ನ ಜೊತೆ ಬತ್ತಿ ಮಾಡುವ ಕೆಲಸ ಕಲಿತವರೆಲ್ಲ ಹೆದರಿಸಿದ್ದರು. ಹತ್ತಲಿಲ್ಲ. ಕಳೆದ ಮೇ ತಿಂಗಳಲ್ಲಿ ಇಲ್ಲೇ ಮುಂಬಯಿ ಪಕ್ಕದ ವಸಾಯಿಯ ಮದುವೆಯೊಂದರಲ್ಲಿ ನನ್ನ ಬತ್ತಿ ಇಗರ್ಜಿಯಲ್ಲಿ ಅರ್ಧ ಗಂಟೆ, ಆಮೇಲೆ ಹಾಲ್‌ನಲ್ಲಿ ಸುಮಾರು ಮೂರು ಗಂಟೆ ಉರಿಯಿತು. ಒಂದಕ್ಷರವೂ ಕಪ್ಪಾಗಲಿಲ್ಲ.

ಹುಡುಗಿ ಕಡೆಯವರು ಮಂಗಳೂರಿನ ಕ್ರೈಸ್ತರು, ಹುಡುಗ ಗೋವಾದವನು. ಎರಡು ಸಣ್ಣ ಬತ್ತಿಗಳಿಂದ ಗಂಡು ಹೆಣ್ಣು ಸೇರಿ ಹೊತ್ತಿಸುತ್ತಾರಲ್ಲ, ಆ ನಡುವಿನ ದೊಡ್ಡ ಬತ್ತಿ ಬೇಕಿತ್ತು. ಇಬ್ಬರ ಮನೆಮಾತೂ ಕೊಂಕಣಿಯೇ. ಆದರೆ ಮಂಗಳೂರಿನವರು ಅದನ್ನು ಬರೆಯುವುದು ಕನ್ನಡ ಲಿಪಿಯಲ್ಲಿ, ಗೋವಾದ ಕ್ರೈಸ್ತರು ಹೆಚ್ಚಾಗಿ ರೋಮನ್ ಲಿಪಿಯಲ್ಲಿ. ಹೆಸರುಗಳೂ ‘ದೇವ್ ಬರೆಂ ಕರುಂ’ ಎಂಬ ಮಾತೂ ಎರಡೂ ಲಿಪಿಯಲ್ಲಿ ಇರಬೇಕಿತ್ತು. “ಅಕ್ಕಾ, ನಮ್ಮ ಅಮ್ಮನಿಗೆ ಕನ್ನಡ ಅಕ್ಷರ ಬಿಟ್ಟರೆ ಬೇರೆ ಗೊತ್ತಿಲ್ಲ. ಮುಂದಿನ ಬೆಂಚಿನಿಂದ ಅವರಿಗೆ ಓದಲು ಬರಬೇಕು” ಅಂದರು ಹುಡುಗಿಯ ತಾಯಿ. ಅಂಗಡಿಯಲ್ಲಿ ಸಿಗುವ ಸ್ಟಿಕರ್‌ಗಳೆಲ್ಲ ಇಂಗ್ಲಿಷಿನವು. ಆಗುತ್ತದೆ ಅಂತ ಒಪ್ಪಿಕೊಂಡೆ, ಸಾವಿರ ರೂಪಾಯಿ ಅಡ್ವಾನ್ಸೂ ತೆಗೆದುಕೊಂಡೆ.

ಮೊದಲು ಸೂಜಿಯಲ್ಲಿ ಕೊರೆದೆ. ಇಂಗ್ಲಿಷ್ ಅಕ್ಷರ ಸರಿಯಾಗಿ ಬಂತು. ಕನ್ನಡದ ಒತ್ತು, ಕೊಂಬು ಬಂದಲ್ಲೆಲ್ಲ ಮೇಣ ಚಕ್ಕೆ ಚಕ್ಕೆಯಾಗಿ ಎದ್ದಿತು. ಆಮೇಲೆ ಚಿನ್ನದ ಬಣ್ಣದ ಅಕ್ರಿಲಿಕ್‌ನಲ್ಲಿ ಬರೆದೆ. ಒಣಗಿದ ಮೇಲೆ ಉಗುರು ತಾಗಿದರೆ ಸಾಕು, ಸಿಪ್ಪೆಯಂತೆ ಕಿತ್ತು ಬಂತು. ಬಣ್ಣಕ್ಕೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿದಾಗ ಹಿಡಿಯಿತು, ಆದರೆ ಎರಡೂ ಲಿಪಿ ಒಂದೇ ಅಂದದಲ್ಲಿ ಕೈಯಲ್ಲಿ ಬರೆಯಲು ನನ್ನಿಂದ ಆಗಲಿಲ್ಲ.

ಕೊನೆಗೆ ಟಿಶ್ಯೂ ಕಾಗದ. ಒಂದೇ ಪದರವನ್ನು ಎ4 ಹಾಳೆಗೆ ಟೇಪ್ ಹಾಕಿ ಪ್ರಿಂಟಿಗೆ ಕೊಟ್ಟೆ. ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಟ್ಟ ಫೈಲು ಅಂಗಡಿಯವನ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಂಡಿತು. ಮನೆಗೆ ಬಂದು ಚಿತ್ರ ಮಾಡಿಕೊಂಡು ಹೋದೆ. ಇಂಕ್‌ಜೆಟ್‌ನ ಶಾಯಿ ಹರಡಿತು, ಲೇಸರ್ ಪ್ರಿಂಟು ಹರಡದೆ ನಿಂತಿತು. ಬತ್ತಿಗೆ ಟಿಶ್ಯೂ ಸುತ್ತಿ, ಮೇಲೆ ಬಟರ್ ಪೇಪರ್ ಬಿಗಿಹಿಡಿದು ಬಿಸಿಗಾಳಿ ಊದುವ ಹೀಟ್ ಗನ್ ಓಡಿಸಿದಾಗ, ಮೇಣ ಕುಡಿದ ಟಿಶ್ಯೂವಿನ ಬಿಳುಪು ಕಣ್ಣೆದುರೇ ಮಾಯವಾಗಿ ಅಕ್ಷರ ಮಾತ್ರ ಉಳಿಯಿತು. ಆ ಕ್ಷಣ ನೋಡಬೇಕು!

ಅಸಲಿ ಪ್ರಶ್ನೆ ಬೆಂಕಿಯದು. ನನ್ನ ಯೋಚನೆ ಇಷ್ಟೇ: ಮೂರಿಂಚು ದಪ್ಪದ ಕಂಬದಂಥ ಬತ್ತಿ, ಅಂದರೆ ಪಿಲ್ಲರ್‌ಗೆ ಅದಕ್ಕೆ ಹೇಳಿದ್ದಕ್ಕಿಂತ ಸಣ್ಣ ದಾರ (ನಡುವೆ ಉರಿಯುವ ಎಳೆ) ಹಾಕಿದರೆ ನಡುವಿನ ಮೇಣ ಮಾತ್ರ ಕರಗುತ್ತದೆ, ಸುತ್ತ ಅರ್ಧ ಇಂಚಿನ ಗೋಡೆ ನಿಲ್ಲುತ್ತದೆ, ಜ್ವಾಲೆ ಕಾಗದದ ಹತ್ತಿರವೇ ಬರುವುದಿಲ್ಲ. ಹೇಳುವಷ್ಟು ಸುಲಭವಾಗಲಿಲ್ಲ. ದಾರ ತೀರಾ ಸಣ್ಣದಾದಾಗ ಕರಗಿದ ಮೇಣದಲ್ಲೇ ಮುಳುಗಿ ಆರಿತು. ಒಂದು ಸಲ ಫ್ಯಾನಿನ ಗಾಳಿಗೆ ಜ್ವಾಲೆ ವಾಲಿ, ಒಂದು ಕಡೆಯ ಗೋಡೆ ಕರಗಿ ಕಾಗದದ ಅಂಚು ಕರಕಲಾಯಿತು. ಬಣ್ಣದ್ದೂ ಸೇರಿ ಏಳು ಬತ್ತಿ ಹಾಳು, ಒಂದೊಂದಕ್ಕೆ ಹೆಚ್ಚುಕಡಿಮೆ 900 ಗ್ರಾಂ ಮೇಣ. ಬಿಳಿಯದನ್ನು ಕರಗಿಸಿ ಮತ್ತೆ ಎರೆದೆ. ಮಸಿ, ಬಣ್ಣ ಸೇರಿದ್ದು ಹೋಯಿತು. ಎಷ್ಟು ಎಳೆಯ ದಾರ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ಎರಡು ತಿಂಗಳು ಹೋಗಿದೆ.

ಕೊನೆಯಲ್ಲಿ ಬಿಸಿ ಮೇಣದಲ್ಲಿ ಒಮ್ಮೆ ಅದ್ದಿ ತೆಗೆಯಬೇಕು, ಸುಮಾರು 80 ಡಿಗ್ರಿ, ಎರಡು ಮೂರು ಸೆಕೆಂಡು. ಹೆಚ್ಚು ಹೊತ್ತು ಬಿಟ್ಟರೆ ಟಿಶ್ಯೂ ಮೇಲೇಳುತ್ತದೆ. ಎತ್ತರದ ಹಾಲಿನ ಕ್ಯಾನ್ ತುಂಬಲು ಆರೇಳು ಕಿಲೋ ಮೇಣ ಬೇಕಾಯಿತು. ಕ್ರಾಫರ್ಡ್ ಮಾರ್ಕೆಟ್ ಕಡೆಯಿಂದ ತಂದು, ಮರೀನ್ ಲೈನ್ಸ್‌ನಲ್ಲಿ ವಿರಾರ್ ಲೋಕಲ್ ಹತ್ತಿ, ಚೀಲವನ್ನು ಕಾಲುಗಳ ನಡುವೆ ಇಟ್ಟುಕೊಂಡು ನಿಂತೇ ಬಂದೆ.

ಇದರ ನಡುವೆ ಶಂಕರಪುರ ಮಲ್ಲಿಗೆಯ ಮೊಗ್ಗು ಒಣಗಿಸಿ ಸುತ್ತಲೂ ಕೂರಿಸಿದೆ. ಎರಡೇ ದಿನಕ್ಕೆ ಕಂದು ಬಣ್ಣಕ್ಕೆ ತಿರುಗಿತು. ಜೇನುಮೇಣವನ್ನೂ ನೋಡಿದೆ. ಪರಿಮಳ ಚೆನ್ನ, ಆದರೆ ಆ ಹಳದಿಯಲ್ಲಿ ಚಿನ್ನದ ಅಕ್ಷರ ಕಾಣುವುದೇ ಇಲ್ಲ. ಬಾಂದ್ರಾದ ಮೌಂಟ್ ಮೇರಿ ಇಗರ್ಜಿಯ ಹೊರಗೆ ಹರಕೆಗೆ ಮಾರುವ ಮೇಣದ ಕೈ, ಕಾಲು, ಮನೆಗಳನ್ನು ನೋಡಿ ಬಂದು, ಎರಕದ ಪುಟ್ಟ ಮನೆಯೊಂದನ್ನು ಬುಡಕ್ಕೆ ಅಂಟಿಸಿದೆ. ಅದು ಒಪ್ಪಿತು, ಈಗ ಎಲ್ಲದಕ್ಕೂ ಹಾಕುತ್ತಿದ್ದೇನೆ.

ಹೀಟ್ ಗನ್ ಸೇರಿ ಸುಮಾರು ನಾಲ್ಕು ಸಾವಿರ ಖರ್ಚಾಯಿತು, ಕೈಗೆ ಬಂದದ್ದು ಒಟ್ಟು ಎರಡೂವರೆ ಸಾವಿರ. ಮದುವೆಯ ದಿನ ನಾನೇ ಹೋಗಿ ಬತ್ತಿಯ ನೇರಕ್ಕಿದ್ದ ಫ್ಯಾನು ಆರಿಸಲು ಹೇಳಿದೆ. ಹುಡುಗಿಯ ಅಜ್ಜಿ ಬೆಂಚಿನಿಂದ ಸ್ವಲ್ಪ ಮುಂದಕ್ಕೆ ಬಾಗಿ, ತುಟಿ ಅಲ್ಲಾಡಿಸುತ್ತಾ ಒಂದೊಂದೇ ಅಕ್ಷರ ಓದುತ್ತಿದ್ದರು. ಒಳಗೆ ಟೊಳ್ಳಾದ ಆ ಬತ್ತಿಯಲ್ಲಿ ಅವರೀಗ ಸಣ್ಣ ಟೀ ಲೈಟ್ ಇಡುತ್ತಾರಂತೆ. ಆಮೇಲೆ ನಾಲ್ಕು ಆರ್ಡರ್ ಬಂದವು. ಈಗ ಒಂದಕ್ಕೆ ಮೂರು ಸಾವಿರ ತೆಗೆದುಕೊಳ್ಳುತ್ತೇನೆ, ಅಷ್ಟೂ ಅಡ್ವಾನ್ಸಾಗಿಯೇ.